ದೀಪ ಹತ್ತುವ ಹಲಗೆ

೧೯೮೧ರ ಮಳೆಗಾಲದಲ್ಲಿ ಬನಶಂಕರೆವ್ವ ಆ ಹಲಗೆಯನ್ನು ಹಿರೇವಡ್ಡಟ್ಟಿಯ ಶಾಲೆಗೆ ತಂದಿಟ್ಟಾಗ ಒಂದು ಮಗುವೂ ಹತ್ತಿರ ಬರಲಿಲ್ಲ. ಬಾಗಿಲಿಗೆ ಅಡ್ಡವಾಗಿ ಖಾಸಿಂಸಾಬ ನಿಂತಿದ್ದ. ಅವನ ಮಗಳು ಅಮೀನಬಿ ನಾಲ್ಕನೇ ಇಯತ್ತೆಯಲ್ಲಿದ್ದಳು.

"ಅಕ್ಕಾರ, ಹುಡುಗೂರಿಗೆ ಕರೆಂಟ್ ಹೊಡದ್ರ ಯಾರ್ ಜವಾಬ್ದಾರಿ?"

"ಇದರಾಗ ಬ್ಯಾಟರಿ ಸೆಲ್ ಅಷ್ಟ ಅದಾವ್ರಿ ಅಣ್ಣಾರ. ನೋಡ್ರಿ, ನಾನ ಹಿಡೀತೀನಿ."

ಅವಳು ಎರಡೂ ತಂತಿಗಳ ತುದಿಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ನಿಂತಳು. ಖಾಸಿಂಸಾಬ ಬಾಗಿಲು ಬಿಟ್ಟು ಸರಿದ.

ಬನಶಂಕರೆವ್ವ ಬೆಟಗೇರಿಯ ನೇಕಾರರ ಮನೆಯವಳು. ಗದುಗಿನಲ್ಲಿ ಶಿಕ್ಷಕರ ತರಬೇತಿ ಶಾಲೆಯೊಂದರಲ್ಲಿ ಕಲಿಸುತ್ತಿದ್ದವಳು ರಜೆ ಹಾಕಿ ಸಂಶೋಧನೆಗೆ ಇಳಿದಿದ್ದಳು. ತಪ್ಪು ಹೇಳಿದರೆ ಬಡಿಗೆಯ ಏಟು ಬೀಳುತ್ತದೆಂಬ ಅಂಜಿಕೆಯಲ್ಲಿ ಮಕ್ಕಳು ಬಾಯಿಯನ್ನೇ ತೆರೆಯುವುದಿಲ್ಲ. ಏಟಿಲ್ಲದೆ, ಆಟವೇ ತಪ್ಪು ತೋರಿಸಿದರೆ ಲೆಕ್ಕ ಬೇಗ ಬರುತ್ತದೆಯೇ? ಇದು ಅವಳ ಪ್ರಶ್ನೆ. ಹಲಗೆಯ ಎಡಗಡೆ ಮೊಳೆಗಳ ಪಕ್ಕ ಲೆಕ್ಕದ ಚೀಟಿಗಳು, ಬಲಗಡೆ ಉತ್ತರಗಳು. ಸರಿ ಜೋಡಿಯ ಮೊಳೆಗಳನ್ನು ಹಲಗೆಯ ಹಿಂಬದಿಯಲ್ಲಿ ತಂತಿಯಿಂದ ಕೂಡಿಸಿತ್ತು. ಮುಂದಿನಿಂದ ಆ ಜೋಡಿಗೆ ತಂತಿ ಮುಟ್ಟಿಸಿದರೆ ಮೇಲಿನ ಬಲ್ಬು ಹತ್ತುತ್ತಿತ್ತು. ವಾರಕ್ಕೊಮ್ಮೆ ಅವಳು ಹೊಸ ಚೀಟಿ ಅಂಟಿಸುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ಮಕ್ಕಳು ಪಟಪಟನೆ ಬಲ್ಬು ಹತ್ತಿಸತೊಡಗಿದರು. ಎಲ್ಲರಿಗಿಂತ ಚುರುಕು ಅಮೀನಬಿ. ಆಟ ನೋಡಲು ಧಾರವಾಡದಿಂದ ಅವಳ ಸಂಶೋಧನೆಯ ಮಾರ್ಗದರ್ಶಕರಾದ ಪ್ರಲ್ಹಾದರಾಯರು ಬಂದರು. ಹೆಡ್ ಮಾಸ್ತರ ಸಂಗಪ್ಪ ಊರ ಹಿರಿಯರನ್ನೂ ಕರೆಸಿ ಕೂಡಿಸಿದ್ದರು.

ಅಮೀನಬಿ ‘ಏಳು ಎಂಟಲೆ ಎಷ್ಟು’ ಎಂಬ ಲೆಕ್ಕಕ್ಕೆ ತಂತಿ ಮುಟ್ಟಿಸಿದಳು. ಬಲ್ಬು ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಬನಶಂಕರೆವ್ವ ಬಗ್ಗಿ ಹಲಗೆಯನ್ನು ಮತ್ತೊಮ್ಮೆ ನೋಡಿದಳು. ಹುಡುಗಿ ಮುಟ್ಟಿದ ಮೊಳೆಯ ಪಕ್ಕ ಇದ್ದದ್ದು ಐವತ್ತಾರಲ್ಲ, ಐವತ್ತನಾಲ್ಕು. ಮುಂಜಾನೆಯ ಅವಸರದಲ್ಲಿ ತಾನೇ ಎರಡು ಚೀಟಿ ಅದಲುಬದಲು ಅಂಟಿಸಿದ್ದಳು. ಆದರೂ ಬಲ್ಬು ಹೇಗೆ ಹತ್ತಿತು? ಹುಡುಗಿ ಚೀಟಿ ನೋಡಿಯೇ ಇರಲಿಲ್ಲ. ವಾರ ವಾರ ಚೀಟಿ ಬದಲಾಗಿದ್ದವು. ಹಲಗೆಯ ಹಿಂಬದಿಯ ತಂತಿಗಳು ಒಮ್ಮೆಯೂ ಬದಲಾಗಿರಲಿಲ್ಲ. ಮಕ್ಕಳು ಲೆಕ್ಕವನ್ನಲ್ಲ, ಮೊಳೆಗಳ ಜಾಗವನ್ನು ಬಾಯಿಪಾಠ ಮಾಡಿಕೊಂಡಿದ್ದರು.

ಯಾರೂ ಗಮನಿಸಿರಲಿಲ್ಲ. ಪ್ರಲ್ಹಾದರಾಯರು ನಗುತ್ತ ಪೆನ್ನು ತೆಗೆದಿದ್ದರು.

"ಸರ್, ಸ್ವಲ್ಪ ತಡೀರಿ," ಎಂದು ಬನಶಂಕರೆವ್ವ ಎದ್ದು, ಒಂದೊಂದಾಗಿ ಎಲ್ಲ ಚೀಟಿ ಕಿತ್ತಳು. ಬರಿಯ ಮೊಳೆಗಳು ಉಳಿದವು. "ಈಗ ಹಚ್ಚವಾ, ಅಮೀನಾ."

ಹುಡುಗಿ ಎಲ್ಲ ಜೋಡಿಗೂ ಬಲ್ಬು ಹತ್ತಿಸಿ ಹಿಗ್ಗಿನಿಂದ ತಿರುಗಿ ನೋಡಿದಳು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

"ನನ್ನಿಂದ ತಪ್ಪಾತೇನ್ರಿ?" ಹುಡುಗಿ ತಂತಿ ಕೆಳಗಿಟ್ಟಳು.

"ನಿಂದಲ್ಲವಾ, ನಂದು."

ಹೊರಗೆ ಬಂದ ಮೇಲೆ ಸಂಗಪ್ಪ ಸಿಡಿದರು. "ಊರ ಮಂದಿ ಮುಂದ ನನ್ನ ಮಾನ ಕಳದ್ರಲ್ರಿ! ಸುಮ್ನಿದ್ರ ಏನಾಕ್ಕಿತ್ತು?"

ಪ್ರಲ್ಹಾದರಾಯರು ಮೆಲ್ಲಗೆ ಹೇಳಿದರು: "ನೀವು ಚೀಟಿ ಕೀಳದಿದ್ರ ನಾ ಇವತ್ತ ಒಪ್ಪಿಗಿ ಬರದು ಹೋಗಾಂವ ಇದ್ದೆ. ನಿಮ್ಮ ರಜಾ ಮಾರ್ಚಿಗೆ ಮುಗೀತದ. ಮುಂದ?"

"ಮೊದಲಿಂದ ಮಾಡ್ತೀನ್ರಿ." ಎಂದಳು ಬನಶಂಕರೆವ್ವ.

ಮರುದಿನ ಖಾಸಿಂಸಾಬ ಮಗಳನ್ನು ಶಾಲೆಗೆ ಕಳಿಸಲಿಲ್ಲ. ಬನಶಂಕರೆವ್ವ ಅವನ ಮನೆಗೇ ಹೋದಳು.

"ನನ್ನ ಮಗಳನ್ನ ಮಂಗ್ಯಾ ಮಾಡಿದ್ರಿ," ಎಂದ ಅವನು. ಕುಂಡ್ರಿ ಎನ್ನಲಿಲ್ಲ.

"ಖರೆ ಐತ್ರಿ. ಹಲಗಿ ಮಾಡಿದಾಕಿ ನಾನು. ಇನ್ನೊಂದ ಸಲ ಬಿಡ್ರಿ."

"ಮತ್ತ ಹಂಗ ಆದ್ರ?"

"ಆದ್ರ ಅದನ್ನೂ ಇಲ್ಲೇ ಬಂದು ಹೇಳ್ತೀನಿ."

ಒಳಗಿನಿಂದ ಅಮೀನಬಿ ಇಣುಕಿದಳು. "ಅಕ್ಕಾರ, ಹಲಗಿ ಹಿಂದಿನ ತಂತಿ ಪ್ರತಿ ಸಲ ನಾವ ಕಟ್ಟೂನೇನ್ರಿ? ಆವಾಗ ಮುಂದ ಹುಡುಕೋ ಮಂದಿಗೆ ಜಾಗಾ ಗೊತ್ತಾಗಂಗಿಲ್ಲ."

ಬನಶಂಕರೆವ್ವನಿಗೆ ತಟ್ಟನೆ ಹೊಳೆಯಿತು. ತಂತಿ ಕಟ್ಟಬೇಕಾದರೆ ಮೊದಲು ಉತ್ತರ ಗೊತ್ತಿರಬೇಕು. ಹುಡುಕುವವರಿಗೆ ಜಾಗ ಬಾಯಿಪಾಠ ಮಾಡಲು ಬರುವುದಿಲ್ಲ. ಖಾಸಿಂಸಾಬ ಮಗಳತ್ತ ಒಮ್ಮೆ, ಬನಶಂಕರೆವ್ವನತ್ತ ಒಮ್ಮೆ ನೋಡಿ, "ನಾಳಿಂದ ಬರತಾಳ್ರಿ. ಕುಂಡ್ರಿ, ಚಾ ಕುಡದು ಹೋಗ್ರಿ," ಎಂದ.

ರಜೆ ಮುಗಿದು ಗದುಗಿನ ಕೆಲಸಕ್ಕೆ ಮರಳಿದ ಮೇಲೆ ಅವಳು ಶನಿವಾರಗಳಂದು ಮುಂಡರಗಿ ಬಸ್ಸು ಹಿಡಿದು ಬರುತ್ತಿದ್ದಳು. ಒಂದು ಗುಂಪು ತಂತಿ ಕಟ್ಟುವುದು, ಇನ್ನೊಂದು ಗುಂಪು ಹುಡುಕುವುದು. ಜಗಳ, ಕೂಗಾಟ, ನಗು. ಪರೀಕ್ಷೆಯನ್ನು ಈ ಸಲ ಹಲಗೆಯ ಮೇಲಲ್ಲ, ಪಾಟಿಯ ಮೇಲೆ ಬಳಪದಿಂದ ಬರೆಸಿ ಮಾಡಿದಳು. ಬಹಳಷ್ಟು ಮಕ್ಕಳಿಗೆ ಲೆಕ್ಕ ಬಂದಿತ್ತು. ಕೆಲವರಿಗೆ ಬಂದಿರಲಿಲ್ಲ, ಅವರು ಆಟದಲ್ಲೂ ಹಿಂದೆಯೇ ಉಳಿದಿದ್ದರು. ಎರಡನ್ನೂ ಬರೆದಳು.

೧೯೮೫ರಲ್ಲಿ ಪ್ರಬಂಧ ಒಪ್ಪಿತವಾಯಿತು. ಮೊದಲ ವರ್ಷದ ಸೋಲಿಗೆ ಅದರಲ್ಲಿ ಒಂದು ಅಧ್ಯಾಯವೇ ಇತ್ತು. ಹೊರಗಿನಿಂದ ಬಂದ ಪರೀಕ್ಷಕರು ಅದನ್ನೇ ಹಿಡಿದು ಒಂದು ತಾಸು ಜಗ್ಗಾಡಿದರು. ಅವಳು ಒಂದು ಸಾಲನ್ನೂ ತೆಗೆಯಲು ಒಪ್ಪಲಿಲ್ಲ. ಗದುಗಿನ ಶಾಲೆಯಲ್ಲಿ, ತರಬೇತಿಗೆ ಹೊಸದಾಗಿ ಬಂದ ಮಾಸ್ತರರಿಗೆ ಅವಳು ಪ್ರತಿ ವರ್ಷ ಮೊದಲು ಓದಿಸುತ್ತಿದ್ದದ್ದು ಆ ಅಧ್ಯಾಯವನ್ನೇ.