ಅಪ್ಪ ತಟ್ಟಿ ನೋಡಿದ ಚಾವಣಿ

ಮೊನ್ನೆ ದುಬೈನ ಅಲ್ ನಹ್ದಾದ ನಮ್ಮ ಮನೆಗೆ ಎಸಿ ರಿಪೇರಿಗೆ ಬಂದವನು ಸ್ಕ್ರೂಡ್ರೈವರಿನ ಹಿಡಿಯಿಂದ ಚಾವಣಿಯನ್ನು ಎರಡು ಸಲ ತಟ್ಟಿದ. ಅಡುಗೆಮನೆಯಲ್ಲಿದ್ದ ನನ್ನ ಕೈ ಹಾಗೇ ನಿಂತಿತು. ಚಾವಣಿ ತಟ್ಟುವ ಸದ್ದು ಕೇಳುತ್ತಲೇ ಬೆಳೆದವಳು ನಾನು. ಇದೇ ಊರಿನ ನೈಫ್ ಬಡಾವಣೆಯ ಹಳೇ ಕಟ್ಟಡದ ಒಂದೇ ಕೋಣೆ, ಪಕ್ಕದ ಕೋಣೆಯ ಮೀನು ಸಾರಿನ ವಾಸನೆ, ಕೆಲಸ ಮುಗಿಸಿ ಬಂದ ಅಪ್ಪನ ಅಂಗಿಯಲ್ಲಿ ಕೂತ ಆಸಿಡ್ಡಿನ ಘಾಟು, ಎಲ್ಲವೂ ಒಟ್ಟಿಗೇ ಬಂದವು. ನಿಮಗೂ ಇಂಥದ್ದೊಂದು ಸದ್ದು ಇದ್ದೇ ಇರುತ್ತದೆ. ಅದು ಕಿವಿಗೆ ಬಿದ್ದ ದಿನ ಬೇರೆ ಕೆಲಸ ಸಾಗುವುದಿಲ್ಲ.

ಅಪ್ಪ ಗಣಿಯವರು. ಕೋಲಾರದ ಕಡೆ ಬಿಳಿಯರು ಚಿನ್ನ ತೆಗೆಯಲು ಶುರುಮಾಡಿದಾಗ ಮುತ್ತಾತ ಊರು ಬಿಟ್ಟು ಅಲ್ಲಿಗೆ ಬಂದಿದ್ದರಂತೆ. ಬಿಳಿಯರು ಹೋದರು, ಕೊನೆಗೆ ಗಣಿಯೂ ಮುಚ್ಚಿತು. ನೆಲದಡಿಯ ಕೆಲಸ ಬಿಟ್ಟು ಬೇರೇನೂ ಗೊತ್ತಿಲ್ಲದ ಅಪ್ಪ ಚಿನ್ನದ ಹಿಂದೆಯೇ ದುಬೈಗೆ ಬಂದು, ಒಡವೆ ಮಾಡುವ ಕಾರ್ಖಾನೆಯೊಂದರಲ್ಲಿ ಕುಲುಮೆಯ ಮುಂದೆ ನಿಂತರು. ಅಮ್ಮನನ್ನೂ ನನ್ನನ್ನೂ ಕರೆಸಿಕೊಂಡರು. ಅಮ್ಮನ ಕೈಯಲ್ಲಿ ಮಾತ್ರ ಕೊನೆಯವರೆಗೂ ಗಾಜಿನ ಬಳೆಯೇ. ಗಣಿಯೊಳಗೆ ಕೆಲಸ ಹಿಡಿಯುವ ಮೊದಲು ತಲೆಯ ಮೇಲಿನ ಬಂಡೆಯನ್ನು ಸಲಾಕೆಯಿಂದ ತಟ್ಟಿ ಕೇಳಬೇಕಂತೆ: ಟಣ್ ಎಂದರೆ ಗಟ್ಟಿ; ಡಬ್ ಎಂದರೆ ಸಡಿಲ, ಆಗ ಒಬ್ಬರೂ ಅಲ್ಲಿ ನಿಲ್ಲುವಂತಿಲ್ಲ. ಆ ಅಭ್ಯಾಸ ಅಪ್ಪನನ್ನು ನೈಫ್‌ನಲ್ಲೂ ಬಿಡಲಿಲ್ಲ. ಹಾಸಿಗೆ ಹಾಸುವ ಮುಂಚೆ ಪೊರಕೆಯ ಹಿಡಿಯಿಂದ ಚಾವಣಿ ತಟ್ಟಿ, ಕಿವಿಗೊಟ್ಟು, "ಗಟ್ಟಿಯಾಗೈತೆ, ಮಲಕ್ಕೊ ಮಗಾ" ಎನ್ನುತ್ತಿದ್ದರು. ಪಕ್ಕದ ಕೋಣೆಯ ಹಮೀದಾಕ, ಎಂದರೆ ಹಮೀದಣ್ಣ, ಮಂಗಳೂರಿನ ಬ್ಯಾರಿ, ಬಾಗಿಲಲ್ಲಿ ನಿಂತು ಕಿಚಾಯಿಸುತ್ತಿದ್ದರು: "ಎಂತ ಮಾರಾಯ್ರೇ, ಮೇಲಿನವರ ಬಾಗಿಲು ಅಲ್ಲಿ ಇಲ್ಲ!" ಅಪ್ಪನೂ ನಗುತ್ತಿದ್ದರು. ನಕ್ಕರೆ ಕೆಮ್ಮು ಬರುತ್ತಿತ್ತು.

ಆ ಕೆಮ್ಮೇ ನಮ್ಮ ಮನೆಯ ಹೆದರಿಕೆ. ಗಣಿಯ ಕಲ್ಲುಪುಡಿ ಅಪ್ಪನ ಎದೆಯಲ್ಲೇ ಉಳಿದಿತ್ತು. ವೀಸಾ ಮುಗಿದಾಗಲೆಲ್ಲ ಅದನ್ನು ಮುಂದುವರಿಸಲು ಎದೆಯ ಎಕ್ಸ್‌ರೇ. ಅದರಲ್ಲಿ ಕಲೆ ಕಂಡರೆ ಖಲಾಸ್, ಮೂವರೂ ವಾಪಸ್, ಕೆಲಸವೇ ಇಲ್ಲದ ಊರಿಗೆ. ಹೇಗೋ ಕೆಲವು ವರ್ಷ ಪಾಸಾಯಿತು. ಒಂದು ಸಲ ಎಕ್ಸ್‌ರೇ ಆದ ಮೇಲೆ ಮತ್ತೆ ಬರಹೇಳಿದರು. ಇಂಗ್ಲಿಷ್ ಬರುತ್ತದೆಂದು ಅಪ್ಪ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಡಾಕ್ಟರು ಅವರ ಬೆನ್ನಿನ ಮೇಲೆ ಒಂದು ಬೆರಳಿಟ್ಟು, ಇನ್ನೊಂದು ಬೆರಳಿಂದ ಅದರ ಮೇಲೆ ತಟ್ಟುತ್ತಾ ಕೆಳಗಿಳಿದರು. ಅಪ್ಪ ತಲೆ ವಾಲಿಸಿ, ಚಾವಣಿ ತಟ್ಟುವಾಗಿನ ಅದೇ ಮುಖದಲ್ಲಿ, ತಮ್ಮ ಬೆನ್ನಿನ ಸದ್ದಿಗೆ ತಾವೇ ಕಿವಿಗೊಟ್ಟಿದ್ದರು. ಒಂದು ಕಡೆ ಡಬ್ ಎಂದಿತು. ನನಗೂ ಕೇಳಿಸಿತು. ಅಷ್ಟು ಅಸಹಾಯಕಳಾಗಿ ನಾನು ಮತ್ತೆಂದೂ ನಿಂತಿಲ್ಲ. ಡಾಕ್ಟರು ಬಾಯಿ ತೆರೆಯುವ ಮೊದಲೇ ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದರು. "ನಡಿ ಮಗಾ," ಎಂದರು. "ಇಲ್ಲಿ ಇನ್ನ ನಿಲ್ಲಂಗಿಲ್ಲ."

ಹಮೀದಾಕ ಏರ್‌ಪೋರ್ಟಿಗೆ ಬಂದಿದ್ದರು. ಆವತ್ತು ತಮಾಷೆ ಮಾಡಲಿಲ್ಲ. ಊರಿಗೆ ಹೋದ ಮೇಲೆ ಅಪ್ಪ ಹೆಚ್ಚು ದಿನ ಉಳಿಯಲಿಲ್ಲ. ಈಗ ಅಮ್ಮನೂ ಇಲ್ಲ, ನೈಫ್‌ನ ಆ ಕಟ್ಟಡವನ್ನೂ ಕೆಡವಿದ್ದಾರೆ. ನಾನು ಮಾತ್ರ ಮತ್ತೆ ಇದೇ ದುಬೈಗೆ ಬಂದು ಜುಮೇರಾ ಲೇಕ್ ಟವರ್ಸ್‌ನ ಆಫೀಸೊಂದರಲ್ಲಿ ದುಡಿಯುತ್ತಿದ್ದೇನೆ. ವೀಸಾ ಮುಗಿಯುವ ತಿಂಗಳು ಬಂದರೆ ಇಂದಿಗೂ ಊಟ ಸೇರುವುದಿಲ್ಲ. ಎಸಿಯವನು ಬಂದುಹೋದ ದಿನ ಹಾಸಿಗೆ ಹಾಸುವಾಗ ಪೊರಕೆಯನ್ನು ತಿರುಗಿಸಿ ಹಿಡಿದು ನಾನೂ ಚಾವಣಿ ತಟ್ಟಿದೆ. "ವಾಟ್ ಆರ್ ಯೂ ಡೂಯಿಂಗ್, ಅಮ್ಮ?" ಎಂದ ಮಗ. ಜಿಪ್ಸಮ್ ಹಲಗೆಯ ಚಾವಣಿ. ಎಲ್ಲಿ ತಟ್ಟಿದರೂ ಡಬ್ ಎಂದೇ ಅನ್ನುತ್ತದೆ.

"ಗಟ್ಟಿಯಾಗೈತೆ," ಎಂದೆ, "ಮಲಕ್ಕೊ ಮಗಾ."