ಏಸಾ ಲಸ್ಕಂ ತನ್ನ ಗೋಡೆಗೆ ಬಳಿದ ಸಿಮೆಂಟು

ಬೇಸಿಗೆ ಬಂತೆಂದರೆ ನಮ್ಮ ಹಳ್ಳಿ ಸ್ಲಾಡ್‌ಕೋಂಬಿಗೆ ಕಾರುಗಳಲ್ಲಿ ಜನ ಬರುತ್ತಾರೆ. ಚರ್ಚಿನ ಹಿಂದಿನ ಓಣಿಯಲ್ಲಿ ಉಳಿದಿರುವ ಒಂದೇ ಒಂದು ಮಣ್ಣಿನ ಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಹುಲ್ಲಿನ ಮಾಡು, ಒಂದು ಮೊಳಕ್ಕೂ ಮಿಕ್ಕಿದ ದಪ್ಪದ ಗೋಡೆ, ತಲೆ ತಗ್ಗಿಸಿ ಹೋಗಬೇಕಾದ ಬಾಗಿಲು. ಹಿಂದಿನವರು ಎಷ್ಟು ನೆಮ್ಮದಿಯಾಗಿ ಬದುಕಿದರಲ್ಲ ಎಂದು ನನ್ನ ಹತ್ತಿರವೇ ಹೇಳುತ್ತಾರೆ. ನಾನು ತಲೆಯಾಡಿಸಿ ಮುಂದೆ ಹೋಗುತ್ತೇನೆ. ಆ ಓಣಿಯಲ್ಲಿ ಏಳು ಮನೆಗಳಿದ್ದವು. ಉಳಿದ ಆರು ಏನಾದವು ಎಂದು ಅವರು ಕೇಳುವುದಿಲ್ಲ. ಕೇಳಿದರೆ ನಾನು ಹೇಳುವವನೂ ಅಲ್ಲ.

ನಿಂತಿರುವ ಮನೆ ನನ್ನ ಭಾವ ಏಸಾ ಲಸ್ಕಂನದು. ನಮ್ಮ ಅಕ್ಕ ಹೆಪ್ಸಿಯನ್ನು ಅವನು ಮದುವೆಯಾದಾಗ ನನಗೆ ಹನ್ನೊಂದು ವರ್ಷ. ಅವನ ಮುತ್ತಜ್ಜ ನಾಲ್ಕು ಬೇಸಿಗೆ ತೆಗೆದುಕೊಂಡು ಕಟ್ಟಿದ ಮನೆಯದು. ಅವರದು ತಲೆಮಾರುಗಳಿಂದ ಮಣ್ಣಿನ ಗೋಡೆಯ ಕಸುಬು. ಕೆಂಪು ಜೇಡಿಗೆ ಬಾರ್ಲಿ ಹುಲ್ಲು ಹಾಕಿ, ನೀರು ಬಿಟ್ಟು, ಕುದುರೆಯಿಂದ ತುಳಿಸಿಯೋ ಕಾಲಿನಿಂದ ತುಳಿದೋ, ಎರಡಡಿ ಎತ್ತರದ ಒಂದು ವರಸೆ ಏರಿಸುವುದು. ಅದು ಒಣಗುವ ತನಕ ವಾರಗಟ್ಟಲೆ ಸುಮ್ಮನೆ ಕೂರುವುದು. ಆಮೇಲೆ ಇನ್ನೊಂದು ವರಸೆ. "ಅವಸರ ಇದ್ದೋರು ಇಟ್ಟಿಗೆ ತಗೊಳ್ಳಲಿ" ಎನ್ನುತ್ತಿದ್ದ.

ಭಾವನ ಮಾತು ಕಡಿಮೆ, ಮುಂಗೋಪ ಜಾಸ್ತಿ. ಯಾರ ಮನೆಗೆ ಹೋದರೂ ಮೊದಲು ಮನೆಯವರ ಕೈ ಕುಲುಕುತ್ತಿರಲಿಲ್ಲ, ಗೋಡೆಗೆ ಅಂಗೈ ಒತ್ತುತ್ತಿದ್ದ. ಒಳಗೆ ಎಷ್ಟು ನೀರಿದೆ ಎಂದು ಅಂಗೈಯಲ್ಲೇ ತಿಳಿಯುತ್ತಿತ್ತು. ಪ್ರತಿ ವಸಂತದಲ್ಲೂ ಓಣಿಯ ಏಳೂ ಮನೆಗಳಿಗೆ ಸುಣ್ಣ ಹೊಡೆಯುವುದು ಅವನ ಕೆಲಸ. ಸುಣ್ಣ ಬಿಟ್ಟು ಬೇರೆ ಏನನ್ನೂ ಹತ್ತಿರ ಬಿಡುತ್ತಿರಲಿಲ್ಲ. ಮಣ್ಣಿನ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಗಾಳಿ ಬಿಸಿಲಿಗೆ ಅದನ್ನು ಬಿಟ್ಟುಕೊಡುತ್ತದೆ. ಸುಣ್ಣ ಅದಕ್ಕೆ ಅಡ್ಡ ಬರುವುದಿಲ್ಲ. ನಾನು ಪೇಟೆಯ ಕಟ್ಟಡ ಸಾಮಾನಿನ ಅಂಗಡಿಯಲ್ಲಿ ಲಾರಿ ಓಡಿಸುತ್ತಿದ್ದೆ. ಒಮ್ಮೆ ತಮಾಷೆಗೆ, ಭಾವ, ಒಂದು ಲೋಡು ಸಿಮೆಂಟು ಇಳಿಸಲಾ ಎಂದಿದ್ದೆ.

"ನೀನು ಒದ್ದೆ ಅಂಗಿ ಮೇಲೆ ರಬ್ಬರ್ ಕೋಟು ಹಾಕ್ಕೊಂಡು ಒಂದು ವಾರ ಇರು ರೆಗ್. ಆಮೇಲೆ ಬಾ, ಮಾತಾಡಣ" ಎಂದಿದ್ದ.

ಅವರಿಗೆ ಒಬ್ಬಳೇ ಮಗಳು, ಟ್ಯಾಮ್ಸಿನ್. ಆರು ವರ್ಷವಾಗಿದ್ದಾಗ ಅಪ್ಪನ ಜೊತೆ ಮಣ್ಣು ತುಳಿದು, ಒಲೆಯ ಪಕ್ಕದ ಗೋಡೆಯಲ್ಲಿ ಬಿದ್ದಿದ್ದ ಗುಳಿಯನ್ನು ತಾನೇ ಮೆತ್ತಿ ಮುಚ್ಚಿದ್ದಳು. ಬುರುಬುರು ಉಬ್ಬಿದ, ಸೊಟ್ಟಗಿನ ತೇಪೆ. ಊರಿನವರ ಗೋಡೆಯಲ್ಲಿ ಕೂದಲೆಳೆಯಷ್ಟು ವಾರೆ ಕಂಡರೂ ಬೈಯುವ ಮನುಷ್ಯ ಅದನ್ನು ಮುಟ್ಟಲಿಲ್ಲ. ಒಂಬತ್ತು ತುಂಬುವಷ್ಟರಲ್ಲಿ ಗಂಟಲುಮಾರಿ ಬಂದು ಮಗು ಹೋಯಿತು. ಆಮೇಲೆ ಪ್ರತಿ ವಸಂತದಲ್ಲೂ ಆ ತೇಪೆಯ ಮೇಲೆ ಮಾತ್ರ ಸುಣ್ಣವನ್ನು ನೀರಾಗಿಸಿ, ಉಬ್ಬುತಗ್ಗು ಮುಚ್ಚಿಹೋಗದ ಹಾಗೆ ಬೆರಳಿನಲ್ಲಿ ಸವರುತ್ತಿದ್ದ.

ಐವತ್ತನಾಲ್ಕನೇ ಇಸವಿ ಸೆಪ್ಟೆಂಬರಿನಲ್ಲಿ ಜಿಲ್ಲಾ ಕಚೇರಿಯಿಂದ ಮನೆ ಪರೀಕ್ಷೆಯ ಇನ್‌ಸ್ಪೆಕ್ಟರು ಬಂದರು. ಹಳೆಯ ಮನೆಗಳನ್ನು ಕೆಡವಿ ಗುಡ್ಡದ ಮೇಲೆ ಹೊಸ ಕಾಂಕ್ರೀಟ್ ಮನೆ ಕೊಡುತ್ತಿದ್ದ ಕಾಲವದು. ಅವರು ಗೋಡೆಗೆ ಪೆನ್ನಿನಿಂದ ಚುಚ್ಚಿದರು, ಸುಣ್ಣದ ಪುಡಿ ಉದುರಿತು. ವಾಸಕ್ಕೆ ಯೋಗ್ಯವಲ್ಲ, ಆರು ವಾರದೊಳಗೆ ಗಟ್ಟಿ ಗಿಲಾವು ಆಗದಿದ್ದರೆ ಕೆಡವುವ ಆದೇಶ ಎಂದು ಏಳೂ ಮನೆಗಳಿಗೆ ಚೀಟಿ ಬಂತು. ಅವರು ಸಜ್ಜನರೇ, ಕೂಗಾಡಲಿಲ್ಲ, ಚಹಾ ಕುಡಿದು ಹೋದರು. ಅಂಥವರ ಜೊತೆ ಜಗಳವಾಡುವುದೂ ಕಷ್ಟ.

ಮೂರು ದಿನ ಭಾವ ಒಲೆಯ ಮುಂದೆ ಕೂತ. ಅಕ್ಕ ಒಂದೇ ಒಂದು ಮಾತು ಹೇಳಿದಳಂತೆ: "ಗುಡ್ಡದ ಮೇಲೆ ನಲ್ಲಿ ಇದೆ, ಸ್ನಾನದ ಮನೆ ಇದೆ, ನನಗೂ ಗೊತ್ತು. ಆದ್ರೆ ಅವಳು ಮೆತ್ತಿದ ಗೋಡೇನ ಎತ್ಕೊಂಡು ಹೋಗಕ್ಕಾಗುತ್ತಾ?" ನಾಲ್ಕನೆಯ ದಿನ ಭಾವ ಅಂಗಡಿಗೇ ನಡೆದು ಬಂದು ನನ್ನನ್ನು ಲಾರಿಯ ಹಿಂದಕ್ಕೆ ಕರೆದ.

"ನಾಳೆ ಸಿಮೆಂಟು ಇಳಿಸು."

ನಾನು ನಕ್ಕೆ. ಅವನು ನಗಲಿಲ್ಲ.

"ಒಂದು ಚಳಿಗಾಲ ತಡಕೊಳ್ಳುತ್ತೆ. ಅವರು ಬಂದು ನೋಡಿ ಚೀಟಿ ವಾಪಸ್ ತಗೊಳ್ಳಲಿ. ಮೇ ತಿಂಗಳಲ್ಲಿ ಪೂರ್ತಿ ಕೆತ್ತಿ ಹಾಕ್ತೀನಿ. ಈ ಮಾತು ನಿನ್ನ ಹೊಟ್ಟೇಲಿರಲಿ ರೆಗ್. ಕಚೇರಿಗೆ ಗೊತ್ತಾದ್ರೆ ಮನೆ ಹೋಗುತ್ತೆ."

"ನನ್ನ ಬಾಯಿಂದ ಬರಲ್ಲ ಭಾವ" ಎಂದೆ. ಆ ಮಾತನ್ನು ನಾನು ಉಳಿಸಿಕೊಂಡೆ. ಜೀವನದಲ್ಲಿ ಉಳಿಸಿಕೊಂಡ ಮಾತುಗಳು ಎರಡೋ ಮೂರೋ, ಅದರಲ್ಲಿ ಇದೊಂದು.

ಅವನು ಸಿಮೆಂಟು ಬಳಿದದ್ದನ್ನು ಓಣಿಗೆ ಓಣಿಯೇ ನಿಂತು ನೋಡಿತು. ಅರವತ್ತೆರಡರ ಆಸಾಮಿ ಏಣಿಯ ಮೇಲೆ ನಿಂತು ಕರಣೆ ಎಳೆಯುತ್ತಿದ್ದ, ಕೆಳಗೆ ಯಾರು ಏನು ಕೇಳಿದರೂ ಉತ್ತರ ಕೊಡಲಿಲ್ಲ. ಜನ ತಮಗೆ ತೋಚಿದ ಉತ್ತರ ಕೊಟ್ಟುಕೊಂಡರು. ನಲವತ್ತು ವರ್ಷ ಸಿಮೆಂಟು ಬೇಡ ಎಂದವನೇ ಸಿಮೆಂಟು ಬಳಿದ ಮೇಲೆ ಇನ್ನೇನು. ಆ ತಿಂಗಳು ಮುಗಿಯುವಷ್ಟರಲ್ಲಿ ಆರು ಮನೆಯವರೂ ನನ್ನ ಲಾರಿಗೆ ಹೇಳಿ ಕಳಿಸಿದ್ದರು.

ಕೊನೆಯ ಲೋಡು ಥಿರ್ಜಾ ಟ್ಯಾಪರ್ ಮನೆಗೆ. ಭಾವನ ಮನೆಗೆ ಎದುರಿನ ಮನೆ ಅವಳದು. ಗಂಡ ತೀರಿದ ಮೇಲೆ ಕೋಳಿ ಸಾಕಿಕೊಂಡು, ಊರಿನ ಎಲ್ಲರಿಗೂ ಅಡ್ಡಹೆಸರಿಟ್ಟುಕೊಂಡು ಇದ್ದ ಹೆಂಗಸು. ನಾನು ಮೂಟೆ ಇಳಿಸುತ್ತಿದ್ದಾಗ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಪ್ಪಾ ರೆಗ್, ನಿಮ್ಮ ಭಾವ ಮುದುಕನಾಗಿ ಬುದ್ಧಿ ಬಂತಾ, ಬುದ್ಧಿ ಹೋಯ್ತಾ?"

"ಅವನನ್ನೇ ಕೇಳು."

"ಅವನು ಬಾಯಿಗೂ ಸಿಮೆಂಟು ಬಳ್ಕೊಂಡಿದಾನೆ. ಅದಕ್ಕೆ ನಿನ್ನ ಕೇಳ್ತಿದೀನಿ." ಅವಳ ದನಿ ಇಳಿಯಿತು. "ನಿಜ ಹೇಳು. ಇದು ಸರಿ ತಾನೆ? ಈ ಮೂಲೆಗೋಡೆ ಪಕ್ಕಾನೇ ನಾನು ದಿನಾ ಕೂರೋದು."

ನಾನು ಮೂಟೆಯನ್ನು ಹೆಗಲಿನಿಂದ ಇಳಿಸಿದೆ. ಹೇಳಬಹುದಿತ್ತು. ಮೇ ತಿಂಗಳಲ್ಲಿ ಕೆತ್ತಿಸು ಎಂದು ಮೂರು ಪದ ಹೇಳಿದ್ದರೆ ಸಾಕಿತ್ತು. ಆದರೆ ಅವಳ ಬಾಯಿಗೆ ಬಿದ್ದ ಮಾತು ಸಂಜೆಯೊಳಗೆ ಕಚೇರಿ ಮುಟ್ಟುತ್ತದೆ ಎಂದುಕೊಂಡೆ. ಲಾರಿ ಐದಕ್ಕೆ ವಾಪಸ್ ಹೋಗಬೇಕಿತ್ತು, ಅದೂ ಒಂದು.

"ಭಾವನೇ ಬಳಿದಿದಾನಲ್ಲ ಥಿರ್ಜಾ, ಇನ್ನೇನು ಯೋಚನೆ" ಎಂದೆ.

"ಹಾಗಾದ್ರೆ ಸರಿ" ಎಂದು ಅವಳು ನಾಲ್ಕು ಮೊಟ್ಟೆ ಕಾಗದದಲ್ಲಿ ಸುತ್ತಿ ಕೊಟ್ಟಳು.

ಇನ್‌ಸ್ಪೆಕ್ಟರು ಬಂದು ಪೆನ್ನಿನಿಂದ ತಟ್ಟಿ ನೋಡಿದರು. ಟಣ್ ಎಂದಿತು. ಏಳೂ ಚೀಟಿಗಳನ್ನು ವಾಪಸ್ ತೆಗೆದುಕೊಂಡರು. ಥಿರ್ಜಾ ತನ್ನ ಹೊಸ ಗೋಡೆಗೆ ಗುಲಾಬಿ ಬಣ್ಣ ಹೊಡೆಸಿದಳು. ಆ ಕ್ರಿಸ್ಮಸ್ಸಿಗೆ ಓಣಿಯಲ್ಲಿ ಎಲ್ಲರೂ ಗೆದ್ದವರ ಹಾಗೆ ಓಡಾಡಿದರು.

ಮೇ ತಿಂಗಳ ಮೊದಲ ಒಣ ದಿನ ಭಾವ ಉಳಿ ಸುತ್ತಿಗೆ ಹಿಡಿದ. ಎರಡು ವಾರ ಕೆತ್ತಿದ. ಕೆಳಗಿನ ವರಸೆ ಆಗಲೇ ತಣ್ಣಗೆ ಮೆತ್ತಗಾಗಿತ್ತಂತೆ, ಇನ್ನೊಂದು ವರ್ಷ ಬಿಟ್ಟಿದ್ದರೆ ಕಷ್ಟವಿತ್ತು. ಬೇಸಿಗೆ ಪೂರ್ತಿ ಗಾಳಿಗೆ ಬಿಟ್ಟು ಸುಣ್ಣ ಹೊಡೆದ. ಆಮೇಲೆ ಉಳಿದ ಆರು ಮನೆಗಳಿಗೂ ಹೋದ. ಬಾಗಿಲು ತಟ್ಟಿ ಬೇಡಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ, ಆದರೂ ಹೋದ. ಥಿರ್ಜಾ ಮನೆಗೆ ಅವನ ಜೊತೆ ನಾನೂ ಹೋಗಿದ್ದೆ.

"ಥಿರ್ಜಾ, ನಿನ್ನ ಗೋಡೆ ನಾನೇ ಕೆತ್ತಿಕೊಡ್ತೀನಿ. ನೀನು ಏನೂ ಮಾಡ್ಬೇಡ. ಸುಮ್ನೆ ಹೂಂ ಅನ್ನು."

"ಯಾಕೆ, ನನ್ನ ಗುಲಾಬಿ ಬಣ್ಣ ನೋಡಿ ಹೊಟ್ಟೆಯುರೀನಾ?"

"ತಮಾಷೆ ಬೇಡ. ನಾನು ಮಾಡಿದ್ದು ತಪ್ಪು. ಇನ್‌ಸ್ಪೆಕ್ಟರ ಕಣ್ಣಿಗೆ ಮಣ್ಣೆರಚಕ್ಕೆ ಮಾಡ್ದೆ."

"ಅವತ್ತು ಸರಿ, ಇವತ್ತು ತಪ್ಪು. ನಾಳೆ ಏನಂತೀಯೋ." ಅವಳು ಗೋಡೆಗೆ ಗುದ್ದಿದಳು, ಟಣ್ ಎಂದಿತು. "ನೋಡು, ಕಲ್ಲಿದ್ದ ಹಾಗಿದೆ. ಕೆತ್ತಿಸಿದ್ರೆ ಅವರು ಮತ್ತೆ ಚೀಟಿ ಹಿಡ್ಕೊಂಡು ಬರ್ತಾರೆ. ನನ್ನ ಕೋಳಿಗಳನ್ನ ಗುಡ್ಡದ ಮೇಲೆ ಸಾಕಕ್ಕೆ ಬಿಡಲ್ಲ ಏಸಾ. ಮನೆಗೆ ಹೋಗು."

ಉಳಿದವರೂ ಹೆಚ್ಚು ಕಡಿಮೆ ಅದನ್ನೇ ಹೇಳಿದರು. ಒಬ್ಬ ಅವನ ಮುಖದ ಮೇಲೇ ಬಾಗಿಲು ಹಾಕಿದ. ಭಾವ ಮತ್ತೆ ಮತ್ತೆ ಹೋದ. ಚಳಿಗಾಲ ಬರುವಷ್ಟರಲ್ಲಿ ಅವನು ಬರುವುದನ್ನು ಕಂಡು ಜನ ಪರದೆ ಎಳೆಯುತ್ತಿದ್ದರು.

ಸಿಮೆಂಟು ಬಳಿದ ಮೇಲಿನ ಮೂರನೆಯ ಚಳಿಗಾಲ, ಐವತ್ತೇಳರ ಫೆಬ್ರವರಿ. ಮೂರು ವಾರ ಮಳೆ ಹಿಡಿದಿತ್ತು, ಆ ದಿನ ಮಳೆ ನಿಂತು ಒಳ್ಳೆಯ ಬಿಸಿಲು ಬಂದಿತ್ತು. ಮಧ್ಯಾಹ್ನ ನಾಲ್ಕರ ಸುಮಾರಿಗೆ ನಾನು ಅಕ್ಕನ ಮನೆಯಲ್ಲಿದ್ದೆ. ಸದ್ದೇನೂ ದೊಡ್ಡದಾಗಿರಲಿಲ್ಲ. ಹುಲ್ಲಿನ ಮೂಟೆ ಗಾಡಿಯಿಂದ ಜಾರಿದಂಥ ಸದ್ದು. ಹೊರಗೆ ಬಂದರೆ ಥಿರ್ಜಾಳ ಮೂಲೆಗೋಡೆ ಇರಲಿಲ್ಲ. ಗುಲಾಬಿ ಬಣ್ಣದ ಸಿಮೆಂಟಿನ ಹಲಗೆ ಮಾತ್ರ ಒಂದು ಕ್ಷಣ ಹಾಗೇ ನಿಂತಿತ್ತು, ಆಮೇಲೆ ಅದೂ ಬಿತ್ತು. ಕೋಳಿಗಳು ಕೂಗುತ್ತಿದ್ದವು.

ಭಾವ ಬರಿಗೈಯಲ್ಲಿ ತೋಡಿದ. ಮಣ್ಣು ರೊಟ್ಟಿಯ ಹಿಟ್ಟಿನ ಹಾಗೆ ಮೆತ್ತಗಿತ್ತು, ತೆಗೆದಷ್ಟೂ ಮತ್ತೆ ಜಾರಿ ತುಂಬಿಕೊಳ್ಳುತ್ತಿತ್ತು. ಅವಳು ಕುರ್ಚಿಯಲ್ಲೇ ಇದ್ದಳು. ಮಡಿಲಲ್ಲಿ ಅರ್ಧ ಹೆಣೆದ ಕಾಲುಚೀಲವಿತ್ತು.

ಅವಳ ಸಾವಿನ ವಿಚಾರಣೆ ಅರ್ಧ ದಿನದಲ್ಲಿ ಮುಗಿಯಿತು. ಹಳೆಯ ಗೋಡೆ, ವಿಪರೀತ ಮಳೆ ಎಂದು ಬರೆದರು. ಭಾವ ಎದ್ದು ನಿಂತು, ಇದು ನನ್ನಿಂದ ಆದದ್ದು ಎಂದ. ನೀವು ಕೆತ್ತಿಸಲು ಹೇಳಿದ್ದಿರಂತಲ್ಲ, ಊರೇ ಹೇಳುತ್ತಿದೆ, ಕುಳಿತುಕೊಳ್ಳಿ ಎಂದು ವಿಚಾರಣೆಯ ಅಧಿಕಾರಿ ಹೇಳಿದರು. ಯಾರೂ ಅವನನ್ನು ಬೈಯಲಿಲ್ಲ. ಒಬ್ಬರಾದರೂ ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ನನಗೆ ಅನ್ನಿಸುತ್ತದೆ. ಉಳಿದ ಐದು ಮನೆಗಳನ್ನು ಆ ಬೇಸಿಗೆಯಲ್ಲಿ ಕೆಡವಿದರು.

ಭಾವನ ಮನೆ ನಿಂತಿತು. ಅಂಥ ಗಟ್ಟಿ ಗೋಡೆ ನೋಡಿಯೇ ಇಲ್ಲ ಎಂದು ಹೊಸ ಇನ್‌ಸ್ಪೆಕ್ಟರು ಬರೆದುಕೊಟ್ಟರು. ಆ ಕಾಗದ ಬಂದ ವಾರವೇ ಭಾವ ಗುಡ್ಡದ ಮೇಲಿನ ಕಾಂಕ್ರೀಟ್ ಮನೆಗೆ ಅರ್ಜಿ ಹಾಕಿದ. ಎದುರು ಬಯಲಾದ ಜಾಗ ನೋಡಿಕೊಂಡು ಆ ಬಾಗಿಲಲ್ಲಿ ನಿಲ್ಲಲಾರೆ ಎಂದ. ಸಾಮಾನು ಸಾಗಿಸಿದ ದಿನ ಅಕ್ಕ ಒಲೆಯ ಪಕ್ಕ ಕೂತು ಆ ತೇಪೆಯನ್ನು ಸವರುತ್ತಿದ್ದಳು. ಲಾರಿಯ ಹಾರ್ನು ಒತ್ತಿದವನು ನಾನೇ. ಬ್ರಿಸ್ಟಲ್ಲಿನಿಂದ ಬಂದ ಗಂಡಹೆಂಡತಿ ರಜೆಗೆಂದು ಆ ಮನೆ ಕೊಂಡರು, ಒಳಗಿನ ಗೋಡೆಗಳನ್ನೆಲ್ಲ ಕನ್ನಡಿಯ ಹಾಗೆ ನುಣುಪು ಮಾಡಿಸಿದರು. ತೇಪೆ ಹೋಯಿತು. ಅದನ್ನು ನಾನು ಅಕ್ಕನಿಗೂ ಭಾವನಿಗೂ ಹೇಳಲಿಲ್ಲ. ಹೇಳದೆ ಇರುವುದು ನನಗೆ ರೂಢಿಯಾಗಿಬಿಟ್ಟಿತ್ತು.

ಹೊಸ ಮನೆಯಲ್ಲಿ ಭಾವ ಒಂಬತ್ತು ವರ್ಷ ಬದುಕಿದ. ಮಂಚವನ್ನು ಗೋಡೆಯಿಂದ ಎಳೆದು ಕೋಣೆಯ ನಡುಮಧ್ಯಕ್ಕೆ ಹಾಕಿಸಿಕೊಂಡಿದ್ದ, ಅಕ್ಕ ಬಟ್ಟೆ ಒಣಗಿಸಲು ಸುತ್ತಿ ಬಳಸಿ ಓಡಾಡಬೇಕಿತ್ತು. ಯಾವ ಗೋಡೆಯನ್ನೂ ಮುಟ್ಟುತ್ತಿರಲಿಲ್ಲ. ಕೈಯನ್ನು ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ. ಕೊನೆಯ ವಾರ ನಾನು ದಿನಾ ಹೋಗುತ್ತಿದ್ದೆ. ಒಂದು ಮಧ್ಯಾಹ್ನ, ಅಕ್ಕ ಅಡುಗೆಮನೆಯಲ್ಲಿದ್ದಾಗ, ಕಣ್ಣು ಮುಚ್ಚಿಕೊಂಡೇ ಕೇಳಿದ.

"ರೆಗ್, ಅವಳ ಮನೆಗೆ ಸಿಮೆಂಟು ಇಳಿಸಿದ್ದು ನೀನೇ ತಾನೆ?"

"ಹೂಂ ಭಾವ."

"ಅವಳು ಏನಾದ್ರೂ ಕೇಳಿದ್ಲಾ? ಒಂದು ಚೂರಾದ್ರೂ ಅನುಮಾನ ಬಂದಿತ್ತಾ ಅವಳಿಗೆ?"

ನನಗೆ ಆಗ ಐವತ್ತಮೂರು. ಅವನ ಮುಖ ನೋಡಿದೆ. ಹೌದು ಎಂದರೆ ಅವನ ಭಾರದಲ್ಲಿ ಅರ್ಧ ನನ್ನ ಹೆಗಲಿಗೆ ಬರುತ್ತಿತ್ತು, ಅವನಿಗೆ ಅಷ್ಟಾದರೂ ಹಗುರಾಗುತ್ತಿತ್ತು. ಅವನು ಕೇಳಿದ್ದೂ ಬಹುಶಃ ಅದಕ್ಕೇ.

"ಇಲ್ಲ ಭಾವ. ಏನೂ ಕೇಳಲಿಲ್ಲ."

ಅವನು ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡ.

"ಹಾಗಾದ್ರೆ ಪೂರ್ತಿ ನಂದೇ" ಎಂದ.

ಅಕ್ಕ ಚಹಾ ತಂದು ಕೊಟ್ಟಳು. ನಾನು ಕುಡಿದೆ.