ಹಲೀಮಮ್ಮನ ಮೂರು ಬೆರಳು

ಹಲೀಮಮ್ಮ ಯಾರನ್ನು ಮಾತಾಡಿಸಿದರೂ ಮೊದಲು ಅವರ ಮುಂಗೈ ಹಿಡಿಯುತ್ತಿದ್ದರು. ಸಂತೆಯಲ್ಲಿ ಚೌಕಾಸಿ ಮಾಡುವಾಗಲೂ ಅಷ್ಟೆ. ಬಾಯಿ ಬದನೆಕಾಯಿಯ ಬೆಲೆ ಕೇಳುತ್ತಿದ್ದರೆ ಮೂರು ಬೆರಳು ಮಾರುವವಳ ನಾಡಿಯ ಮೇಲೆ. "ಬೆಲೆ ಆಮೇಲೆ ಇಳಿಸೀಯಂತೆ, ಮೊದ್ಲು ಮನೆಗೋಗಿ ಮಲಿಕ್ಕೊ. ಮೈ ಸುಡ್ತಾ ಐತೆ" ಅಂದುಬಿಡೋರು. ಮಳವಳ್ಳಿಯ ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಬಿಳಿ ಸೀರೆ, ಉದ್ದ ತೋಳಿನ ರವಿಕೆ, ಬರಿಗೈ. ಗಂಡ ತೀರಿಕೊಂಡ ದಿನ ತೆಗೆದ ಬಳೆಯನ್ನು ಮತ್ತೆ ತೊಟ್ಟಿರಲಿಲ್ಲವಂತೆ.

ಎರಡನೇ ಮಹಾಯುದ್ಧದ ಕಾಲ. ನನಗೆ ಚೊಚ್ಚಲ ಬಸುರು. ತಾಯಿಯಿಲ್ಲದ ನನಗೆ ಅತ್ತೆಯೇ ದಿಕ್ಕು. ಕಾಲು ಊದಿ, ತಲೆ ಸಿಡಿದು, ಕಣ್ಣು ಮಂಜಾದಾಗ ನಮ್ಮೂರು ಬೆಳಕವಾಡಿಯಿಂದ ಗಾಡಿ ಕಟ್ಟಿಸಿ ಆ ಆಸ್ಪತ್ರೆಗೆ ಕರೆತಂದರು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ರಬ್ಬರ್ ಬುರುಡೆ ಒತ್ತಿ ಪಾದರಸ ಏರಿಸಿದರು. ಗಾಜಿನ ಕೊಳವೆಯಲ್ಲಿ ಅದು ಏರಿದಾಗ ಅತ್ತೆಗೆ ಸಮಾಧಾನ. ಇಳಿಯತೊಡಗಿದ್ದೇ ತಡ, "ಅಯ್ಯೋ, ಜೀವ ಇಳೀತಾ ಐತಲ್ರಪ್ಪೋ!" ಎಂದು ಬುರುಡೆ ಕಿತ್ತುಕೊಂಡು ತಾವೇ ಒತ್ತಿದರು! ನನ್ನ ತೋಳು ಮರಗಟ್ಟಿತು.

"ಬಿಡಮ್ಮಾ! ಇಳಿಯಬೇಕು ಅಂತಲೇ ನಾವು ಕಾಯ್ತಿರೋದು" ಎಂದರು ಡಾಕ್ಟರು. ರಕ್ತದ ಒತ್ತಡ ವಿಪರೀತ ಏರಿತ್ತು. ಫಿಟ್ಸ್ ಬಂದರೆ ತಾಯಿ ಮಗು ಇಬ್ಬರೂ ಉಳಿಯುವುದು ಕಷ್ಟ. ಕತ್ತಲ ಕೋಣೆ ಬೇಕು, ಸದ್ದು ಕೂಡದು, ನಾಡಿ ಮೇಲಿನ ಕೈ ತೆಗೆಯಕೂಡದು, ಮೊದಲು ಬಳೆ ತೆಗೆಸಿ ಎಂದರು.

ಸೀಮಂತದಲ್ಲಿ ತೊಡಿಸಿದ ಹಸಿರು ಗಾಜಿನ ಬಳೆ, ಮಣಿಕಟ್ಟಿನಿಂದ ಮೇಲಕ್ಕೆ ಒತ್ತೊತ್ತಾಗಿ ಇದ್ದವು. ಅತ್ತೆ ಅಡ್ಡ ನಿಂತರು. "ಮುತ್ತೈದೆ ಕೈ ಬೋಳು ಮಾಡ್ತೀರಾ? ನಾ ಬುಡಾಕಿಲ್ಲ ಕಣಮ್ಮ!"

ಹಲೀಮಮ್ಮ ವಾದಕ್ಕೆ ಹೋಗಲಿಲ್ಲ. "ಕೆಳಗಿಟ್ರೆ ತಾನೆ ತೆಗೆದಂಗೆ? ಅವಳು ಎದ್ದು ಕೂರೋಗಂಟ ನನ್ನ ಕೈಯಾಗಿರ್ಲಿ, ಆಗಬೋದಾ?" ಊದಿದ ಕೈಗೆ ಹರಳೆಣ್ಣೆ ಸವರಿ, ಒಂದೂ ಒಡೆಯದಂತೆ ಜಾರಿಸಿ, ತಮ್ಮ ಎಡಗೈಗೆ ಏರಿಸಿಕೊಂಡು, ಸದ್ದಾಗದಂತೆ ಬಟ್ಟೆ ಸುತ್ತಿದರು. ಅಷ್ಟು ವರ್ಷದ ಮೇಲೆ ಆ ಕೈಗೆ ಬಳೆ! ಅತ್ತೆ ಪಕ್ಕಕ್ಕೆ ಸರಿದರು.

ಆಮೇಲೆ ನನಗೆ ನೆನಪಿರುವುದು ಕತ್ತಲು ಮತ್ತು ತಣ್ಣನೆಯ ಮೂರು ಬೆರಳು. ಊಟಕ್ಕೂ ಏಳಲಿಲ್ಲ ಪುಣ್ಯಾತ್ಗಿತ್ತಿ. ಒಮ್ಮೆ ಮಾತ್ರ ಆ ಬೆರಳು ಬಿಗಿಯಾದವು. "ನಾಡಿ ಅಗ್ಗದಂಗೆ ಬಿಗೀತಾ ಐತೆ. ಡಾಕ್ಟರನ್ನ ಕರೀರಿ, ಮೆತ್ತಗೋಗಿ" ಎಂದು ಅತ್ತೆಗೆ ಪಿಸುಗುಟ್ಟಿದರು. ಹುಟ್ಟಿದಾಗಿನಿಂದ ಕೂಗಿಯೇ ಮಾತಾಡಿದ ನಮ್ಮತ್ತೆ ತುದಿಗಾಲಲ್ಲಿ ಓಡಿದರು. ಡಾಕ್ಟರು ಬಂದು ಸೂಜಿ ಚುಚ್ಚಿದರು. ಫಿಟ್ಸ್ ಬರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗಳು ಹುಟ್ಟಿದಳು. ನಾನು ಬದುಕಿದೆ.

ನಾನು ಎದ್ದು ಕೂತ ದಿನ ಹಲೀಮಮ್ಮ ಬಳೆಗಳನ್ನು ಒಂದೊಂದಾಗಿ ನನಗೆ ತೊಡಿಸಿದರು. ಕೊನೆಯದನ್ನು ಅತ್ತೆ ತಡೆದರು. ಇಸಿದುಕೊಂಡು, ನನ್ನ ನಾಡಿ ಹಿಡಿದಿದ್ದ ಆ ಬಲಗೈಗೇ ಏರಿಸಿದರು.

"ಬ್ಯಾಡ ಕಣಮ್ಮ, ನೋಡ್ದೋರು ಏನಂತಾರೆ?"

"ಏನಾರ ಅನ್ಲಿ ಬುಡಿ. ನನ್ ಸೊಸೆ ಜೀವ ಇಡಿದಿದ್ದ ಕೈ ಇದು, ಬೋಳಿರಬಾರ್ದು."

ಹಲೀಮಮ್ಮ ನಕ್ಕರು, ಕಣ್ಣೊರೆಸಿಕೊಂಡರು, ರವಿಕೆಯ ತೋಳನ್ನು ಬಳೆಯ ಮೇಲೆ ಎಳೆದುಕೊಂಡರು.

ಸ್ವಾತಂತ್ರ್ಯ ಬಂದ ವರ್ಷ ಅವರು ಕೆಲಸ ಬಿಟ್ಟು ಬೆಂಗಳೂರಿನ ತಂಗಿಯ ಮನೆಗೆ ಹೊರಟರು. ಬೀಳ್ಕೊಡಲು ಮಗಳನ್ನು ಕರೆದುಕೊಂಡು ಮದ್ದೂರು ಸ್ಟೇಷನ್ನಿಗೆ ಹೋದೆ. ಗಾರ್ಡು ಸೀಟಿ ಊದಿದಾಗ ಹಲೀಮಮ್ಮ ಕಿಟಕಿಯಿಂದ ಕೈ ಚಾಚಿ, ಎಂದಿನಂತೆ ನನ್ನ ಮುಂಗೈ ಹಿಡಿದರು. ರವಿಕೆಯ ತೋಳು ಹಿಂದೆ ಸರಿಯಿತು. ಹಸಿರು ಬಳೆ ಅಲ್ಲೇ ಇತ್ತು.

"ನಾಡಿ ಚೆನ್ನಾಗೈತೆ ಮಗಾ, ಓಗು" ಅಂದರು.

ರೈಲು ಜಗ್ಗಿತು. ಅವತ್ತು ಸದ್ದಾಗಬಾರದೆಂದು ಬಟ್ಟೆ ಸುತ್ತಿಸಿಕೊಂಡಿದ್ದ ಬಳೆ ನನ್ನ ಬಳೆಗೆ ತಗುಲಿ ಕಿಣಿ ಅಂದಿತು. ಬೆರಳು ಬಿಟ್ಟವು.